ಗ್ಲೌಸಿನ ಸೈಜು ಯಾರನ್ನು ಕೇಳಬೇಕು?

ದಾದಿಯರ ದಿನವಾದ ಮೇ 12 ಬಂತೆಂದರೆ ನಮಗೆ ಒಂದು ದಿನದ ಮರ್ಯಾದೆ. ನೈಟಿಂಗೇಲ್ ಫೋಟೊಗೆ ಹಾರ, ಮೇಣದಬತ್ತಿ ಹಿಡಿದು ಪ್ರತಿಜ್ಞೆ, ಹಿರಿಯ ಸಿಸ್ಟರ್‌ಗಳಿಗೆ ಶಾಲು, ಎಲ್ಲರಿಗೂ ಉಪ್ಪಿಟ್ಟು, ಕೇಸರಿಬಾತು. ವೇದಿಕೆ ಹತ್ತಿದವರೆಲ್ಲ ‘ದಾದಿಯರೇ ಆಸ್ಪತ್ರೆಯ ಬೆನ್ನೆಲುಬು’ ಎನ್ನುತ್ತಾರೆ. ಮಾರನೆಯ ದಿನ ಅದೇ ಬೆನ್ನೆಲುಬು ಇಂಡೆಂಟ್ ಪುಸ್ತಕ ಹಿಡಿದು ಸ್ಟೋರಿನ ಬಾಗಿಲಲ್ಲಿ ನಿಂತಿರುತ್ತದೆ.

ನಾನು ಸರ್ಕಾರಿ ಹೆರಿಗೆ ವಾರ್ಡುಗಳಲ್ಲೇ ಕೆಲಸ ಮಾಡಿ ನಿವೃತ್ತಳಾದವಳು. ಸ್ಟಾಫ್ ನರ್ಸ್ ಎಂದು ಸೇರಿದೆ, ನರ್ಸಿಂಗ್ ಆಫೀಸರ್ ಎಂಬ ಹೆಸರು ಸರ್ವಿಸಿನ ಕೊನೆಯಲ್ಲಿ ಬಂತು. ಹೆಸರೇನೋ ದೊಡ್ಡದಾಯಿತು. ವಾರ್ಡಿನಲ್ಲಿ ಏನಿರಬೇಕು, ಎಲ್ಲಿರಬೇಕು, ಯಾರು ಯಾವಾಗ ಒಳಗೆ ಬರಬೇಕು ಎಂಬುದನ್ನು ನಿರ್ಧರಿಸುವಾಗ ನಮ್ಮನ್ನು ಕೇಳುವ ಪದ್ಧತಿ ಮಾತ್ರ ಬರಲಿಲ್ಲ.

ಒಂದು ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಗೆ ಬರುತ್ತಿದ್ದ ಗ್ಲೌಸ್ ಏಳೂವರೆ ಸೈಜಿನವು. ಅಲ್ಲಿದ್ದ ಸಿಸ್ಟರ್‌ಗಳಲ್ಲಿ ಹೆಚ್ಚಿನವರ ಕೈ ಆರೂವರೆಯದು, ಕೆಲವರದು ಆರು. ದೊಡ್ಡ ಗ್ಲೌಸ್ ಹಾಕಿಕೊಂಡರೆ ಬೆರಳ ತುದಿಯಲ್ಲಿ ರಬ್ಬರು ಮಡಚಿಕೊಂಡು ನಿಲ್ಲುತ್ತದೆ. ಗರ್ಭಕೋಶದ ಬಾಯಿ ಎಷ್ಟು ಸೆಂಟಿಮೀಟರ್ ತೆರೆದಿದೆ ಎಂದು ತಿಳಿಯುವುದು ಆ ಬೆರಳ ತುದಿಯಿಂದಲೇ. ಆಮೇಲೆ ಜಾರುವ ಮಗುವನ್ನು ಹಿಡಿಯುವುದೂ ಆ ಕೈಯಿಂದಲೇ. ‘ಆರೂವರೆ ತರಿಸಿ’ ಎಂದು ಬರೆದುಕೊಟ್ಟರೆ ಬರುತ್ತಿದ್ದ ಉತ್ತರ ಒಂದೇ: ‘ಟೆಂಡರ್ ಆಗಿದೆ ಸಿಸ್ಟರ್, ಇರೋ ಸ್ಟಾಕ್ ಮುಗೀಲಿ.’ ಖರೀದಿಯ ಪಟ್ಟಿ ಮಾಡಿದವರಲ್ಲಿ ಹೆರಿಗೆ ಮಾಡಿಸುವವರು ಒಬ್ಬರೂ ಇರಲಿಲ್ಲ.

ಅಲ್ಲೇ ಹೊಸ ಕಟ್ಟಡವಾಯಿತು. ಟೈಲ್ಸ್, ಏಸಿ, ಹೊಳೆಯುವ ಟೇಬಲ್‌ಗಳು. ಮಗುವನ್ನು ಬೆಚ್ಚಗಿಡುವ ವಾರ್ಮರ್‌ಗೆ ಬೇಕಾದ ಪ್ಲಗ್ ಪಾಯಿಂಟ್ ಮಾತ್ರ ಆಚೆ ಗೋಡೆಯಲ್ಲಿ. ಹುಟ್ಟಿದ ಮಗು ಅಳದಿದ್ದರೆ ಉಸಿರು ಕೊಡಿಸಲು ನಮಗಿರುವುದು ಒಂದು ನಿಮಿಷ. ಆ ನಿಮಿಷದಲ್ಲಿ ಮಗುವನ್ನು ಎತ್ತಿಕೊಂಡು ಎರಡು ಟೇಬಲ್ ದಾಟಿ ಓಡಬೇಕು. ನಾವು ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು ವಾರ್ಮರನ್ನು ಹತ್ತಿರ ತಂದುಕೊಂಡೆವು. ತಪಾಸಣೆಗೆ ಬಂದವರು ನೆಲದ ಮೇಲೆ ವೈರ್ ಇರಬಾರದೆಂದು ಬರೆದು ಹೋದರು. ಅವರು ಬರೆದದ್ದು ಸರಿಯೇ. ನೀಲನಕ್ಷೆ ಬರೆಯುವ ದಿನ ಹೆರಿಗೆ ಕೋಣೆಯ ಒಬ್ಬ ಸಿಸ್ಟರನ್ನು ಕರೆದು ಕೇಳಿದ್ದರೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ ತೋರಿಸುತ್ತಿದ್ದಳು.

ಇದನ್ನೆಲ್ಲ ಸಣ್ಣ ಗೊಣಗಾಟ ಎನ್ನುವವರಿದ್ದಾರೆ. 2018–20ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಸಾಯುತ್ತಿದ್ದರು. ಕೇರಳದಲ್ಲಿ ಆ ಸಂಖ್ಯೆ 19, ತಮಿಳುನಾಡಿನಲ್ಲಿ 54. ದಕ್ಷಿಣದಲ್ಲಿ ನಾವೇ ಕೊನೆಯವರಾಗಿದ್ದೆವು. ಹೆರಿಗೆಯಲ್ಲಿ ಸಾವು ತರುವ ದೊಡ್ಡ ಕಾರಣ ರಕ್ತಸ್ರಾವ. ಮಾಸು ಬಿದ್ದ ಮೇಲೆ ಹೋಗುತ್ತಿರುವ ರಕ್ತ ಮಾಮೂಲಿನದೋ ಜಾಸ್ತಿಯೋ ಎಂದು ಮೊದಲು ನೋಡುವವಳು ಪಕ್ಕದಲ್ಲಿ ನಿಂತ ಸಿಸ್ಟರ್. ಅವಳ ಮಾತಿಗೆ ಎಷ್ಟು ತೂಕವಿದೆ ಎಂಬುದು ಸಣ್ಣ ಸಂಗತಿಯಲ್ಲ.

ಇದಕ್ಕೆ ಸಾಕ್ಷಿ ಹುಡುಕಿ ದೂರ ಹೋಗಬೇಕಾಗಿಲ್ಲ. ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಅಮೆರಿಕದ ವೈದ್ಯರ ಜೊತೆ ಸೇರಿ 2002ರಿಂದ 2005ರವರೆಗೆ ಆ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. ಹೆರಿಗೆ ಮಾಡಿಸಿದವರು, ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟವರು, ಹೋದ ರಕ್ತವನ್ನು ಅಳೆದವರು ಹಳ್ಳಿಯ ಆರೋಗ್ಯ ಸಹಾಯಕಿಯರಾದ ನಮ್ಮ ಎಎನ್‌ಎಂಗಳು. ಅಳೆಯುವುದಕ್ಕೆಂದೇ ಕೆಳಗೆ ಗೆರೆ ಹಾಕಿದ ಚೀಲವಿರುವ ಪ್ಲಾಸ್ಟಿಕ್ ಹಾಳೆ ಮಾಡಿಸಿದ್ದರು. 1,620 ತಾಯಂದಿರ ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮಾತ್ರೆ ಪಡೆದವರಲ್ಲಿ ಅತಿ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿದಿತ್ತು. ವೈದ್ಯರಿಲ್ಲದ ಕಡೆ ಎಎನ್‌ಎಂ ಕೈಗೆ ಔಷಧಿ ಕೊಡಬಹುದೇ ಎಂದು ಅನುಮಾನಿಸುತ್ತಿದ್ದವರಿಗೆ ಬೈಲಹೊಂಗಲ, ಸವದತ್ತಿ ಕಡೆಯ ಬಿಸಿಲಲ್ಲಿ ಓಡಾಡುವಂಥ ಹೆಂಗಸರೇ ಉತ್ತರ ಕೊಟ್ಟರು. ಹಾಗೆ ಗೆರೆ ಹಾಕಿದ ಚೀಲವನ್ನೇ ಮುಂದಿಟ್ಟುಕೊಂಡು ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳಲ್ಲಿ ನಡೆದ ದೊಡ್ಡ ಅಧ್ಯಯನವೊಂದು 2023ರಲ್ಲಿ ಹೊರಬಂತು. ರಕ್ತ ಅಳೆದು, ಗೆರೆ ದಾಟಿದೊಡನೆ ಯಾರಿಗೂ ಕಾಯದೆ ಚಿಕಿತ್ಸೆಯ ಎಲ್ಲ ಹಂತಗಳನ್ನೂ ಒಟ್ಟಿಗೆ ಶುರು ಮಾಡಿದ ಆಸ್ಪತ್ರೆಗಳಲ್ಲಿ ತೀವ್ರ ರಕ್ತಸ್ರಾವ ಮತ್ತು ಅದರ ಅನಾಹುತಗಳು ಶೇ 60ರಷ್ಟು ಕಡಿಮೆಯಾಗಿದ್ದವು.

ದಾದಿಯರ ಮಾತಿಗೆ ತೂಕ ಕೊಟ್ಟ ಆಸ್ಪತ್ರೆಗಳ ಉದಾಹರಣೆಯೂ ಇದೆ. ಅಮೆರಿಕದಲ್ಲಿ 1980ರ ಸುಮಾರಿಗೆ ದಾದಿಯರ ಬರ ಬಂದಾಗ, ಕೆಲವು ಆಸ್ಪತ್ರೆಗಳನ್ನು ಮಾತ್ರ ದಾದಿಯರು ಬಿಟ್ಟುಹೋಗದಿರುವುದೇಕೆ ಎಂದು ಅಲ್ಲಿನ ನರ್ಸಿಂಗ್ ಅಕಾಡೆಮಿ ಹುಡುಕಹೊರಟಿತು. 1983ರಲ್ಲಿ 41 ಆಸ್ಪತ್ರೆಗಳನ್ನು ಗುರುತಿಸಿದರು. ಸಂಬಳವೊಂದೇ ಕಾರಣವಾಗಿರಲಿಲ್ಲ, ವಾರ್ಡಿನ ಕೆಲಸದ ಬಗ್ಗೆ ದಾದಿಯರ ಮಾತು ಅಲ್ಲಿ ನಡೆಯುತ್ತಿತ್ತು. ‘ಮ್ಯಾಗ್ನೆಟ್’ ಎಂಬ ಮನ್ನಣೆ ಹುಟ್ಟಿದ್ದು ಹೀಗೆ. ಅಂಥ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಪ್ರತಿ ವಾರ್ಡಿಗೂ ದಾದಿಯರದೇ ಒಂದು ಮಂಡಳಿ ಇರುತ್ತದೆ. ಡ್ಯೂಟಿ ಪಟ್ಟಿಯಿಂದ ಹಿಡಿದು ಚಿಕಿತ್ಸಾ ಕ್ರಮದವರೆಗೆ ಅದು ಚರ್ಚಿಸುತ್ತದೆ, ತನ್ನ ವ್ಯಾಪ್ತಿಯದನ್ನು ತಾನೇ ತೀರ್ಮಾನಿಸುತ್ತದೆ. ನಮಗೆ ಆ ದೇಶದ ಬಿಲ್ಲೆ ಬೇಕಾಗಿಲ್ಲ, ಅದಕ್ಕೆ ಸುರಿಯುವ ದುಡ್ಡೂ ನಮ್ಮಲ್ಲಿಲ್ಲ. ಆ ಒಂದು ಪದ್ಧತಿ ಸಾಕು.

ಕಾಗದದ ಮೇಲೆ ಅದು ನಮ್ಮಲ್ಲೂ ಇದೆ. ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸಲು ಕೇಂದ್ರ ಸರ್ಕಾರ 2017ರಲ್ಲಿ ತಂದ ‘ಲಕ್ಷ್ಯ’ ಯೋಜನೆಯಲ್ಲಿ ವೈದ್ಯರು, ಸಿಸ್ಟರ್‌ಗಳು ಕೂಡಿದ ಕ್ವಾಲಿಟಿ ಸರ್ಕಲ್ ಇರಬೇಕೆಂದಿದೆ. ನಾನು ಕಂಡ ಸರ್ಕಲ್‌ನ ನಡವಳಿ ಪುಸ್ತಕ ಬಹಳ ಅಂದವಾಗಿತ್ತು, ಏಕೆಂದರೆ ಎಲ್ಲ ಸಭೆಗಳನ್ನೂ ತಪಾಸಣೆಯ ಹಿಂದಿನ ರಾತ್ರಿ ಒಂದೇ ಪೆನ್ನಿನಲ್ಲಿ ಬರೆಯಲಾಗಿತ್ತು. ಇನ್ನು ಆ ಕೋಣೆಯಲ್ಲಿ ದುಡಿಯುವವರಲ್ಲಿ ಎಷ್ಟೋ ಮಂದಿ ಗುತ್ತಿಗೆಯವರು. ಗುತ್ತಿಗೆ ಮುಗಿಯುವ ತಿಂಗಳು ಹತ್ತಿರ ಬಂದಾಗ ಯಾವ ಹುಡುಗಿ ಎದ್ದುನಿಂತು ‘ಸರ್, ಈ ಗ್ಲೌಸ್ ಸರಿಯಿಲ್ಲ’ ಎಂದಾಳು?

ಕೊನೆಗೆ ಹೊಣೆ ಹೊರುವವರು ನಾವಲ್ಲವೇ ಎಂದು ವೈದ್ಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಸಿಸೇರಿಯನ್ ಬೇಕೋ ಬೇಡವೋ ಎಂಬುದನ್ನು ನಮ್ಮ ಮತಕ್ಕೆ ಹಾಕಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಫೋನಿನಲ್ಲಿ ಸಿಸ್ಟರ್ ‘ಸರ್, ಈ ತಾಯಿ ಯಾಕೋ ಸರಿ ಕಾಣ್ತಿಲ್ಲ, ಬನ್ನಿ’ ಎಂದರೆ ಆ ಮಾತನ್ನೇ ನಂಬಿ ಹೊರಡುವ ವೈದ್ಯರೂ ಇದ್ದಾರೆ, ‘ಬಿಪಿ ಎಷ್ಟು ಹೇಳಿ ಸಾಕು’ ಎಂದು ಮಗ್ಗುಲು ಬದಲಿಸುವವರೂ ಇದ್ದಾರೆ. ಹಗಲಿನ ಸಭೆಯಲ್ಲಿ ಸಿಸ್ಟರ್ ಮಾತು ಕೇಳಿ ಅಭ್ಯಾಸವಿಲ್ಲದವರಿಗೆ ಅದು ಅಪರಾತ್ರಿಯಲ್ಲಿ ಕೇಳಿಸುವುದು ಕಷ್ಟ.

ನಮ್ಮ ಮಾತು ನಡೆದದ್ದೂ ಒಮ್ಮೆ ಉಂಟು. ತೂಕ ಕಡಿಮೆಯ ಮಕ್ಕಳನ್ನು ತಾಯಿಯ ಎದೆಗೆ ಕಟ್ಟಿ ಬೆಚ್ಚಗಿಡುವ ಕಾಂಗರೂ ಆರೈಕೆ ಎಲ್ಲರಿಗೂ ಗೊತ್ತು. ಹುಟ್ಟಿದ ಕೂಡಲೇ ಅದನ್ನು ಶುರು ಮಾಡಿದರೆ ಸಾವು ಶೇ 25ರಷ್ಟು ತಗ್ಗುತ್ತದೆಂದು ಭಾರತವೂ ಸೇರಿ ಐದು ದೇಶಗಳಲ್ಲಿ ನಡೆಸಿದ ಅಧ್ಯಯನ 2021ರಲ್ಲಿ ತೋರಿಸಿತು. ನಮ್ಮಲ್ಲಿ ಮಗು ನವಜಾತ ಶಿಶುಗಳ ವಿಶೇಷ ಆರೈಕೆ ಘಟಕವಾದ ಎಸ್‌ಎನ್‌ಸಿಯುನಲ್ಲಿ, ಹೊಲಿಗೆ ಹಾಕಿಸಿಕೊಂಡ ತಾಯಿ ಮೇಲಿನ ಮಹಡಿಯಲ್ಲಿ. ಅವಳು ಇಳಿದು ಬಂದು ಗಂಟೆಗಟ್ಟಲೆ ಕೂರುವುದು ಆಗದ ಮಾತು. ಅಜ್ಜಿಯೋ ಚಿಕ್ಕಮ್ಮನೋ ಎದೆಗೆ ಹಾಕಿಕೊಳ್ಳಬಹುದು, ಆದರೆ ಗೇಟಿನ ಸೆಕ್ಯುರಿಟಿಯವನು ಸಂದರ್ಶನದ ವೇಳೆ ಮುಗಿಯಿತೆಂದು ಅವರನ್ನು ಓಡಿಸುತ್ತಿದ್ದ. ಮಗುವಿಗೊಬ್ಬ ಹೆಂಗಸಿಗೆ ಗುರುತಿನ ಚೀಟಿ ಕೊಡೋಣ, ಯಾವ ಹೊತ್ತಿನಲ್ಲಾದರೂ ಬಿಡಿ ಎಂದು ನಾವು ಕೇಳಿದೆವು. ಆಗಿನ ಮಕ್ಕಳ ವೈದ್ಯರು ‘ನೀವೇ ನಿಯಮ ಬರೆದು ತನ್ನಿ, ಸಹಿ ಹಾಕ್ತೀನಿ’ ಎಂದರು. ಬರೆದೆವು. ಕುರ್ಚಿ ಸಾಲದೆ ಕಚೇರಿಯಿಂದ ಎತ್ತಿಕೊಂಡು ಬಂದೆವು. ಒಬ್ಬ ಅಜ್ಜಿ ಅಂಗೈಯಷ್ಟಿದ್ದ ಮೊಮ್ಮಗಳನ್ನು ಸೆರಗಿನೊಳಗೆ ಕಟ್ಟಿಕೊಂಡು, ‘ಸಿಸ್ಟರಮ್ಮ, ನನಗೆ ಊಟಕ್ಕೂ ಎಬ್ಬಿಸಬ್ಯಾಡ್ರಿ’ ಎಂದು ಗದರಿದಳು. ಈ ಏರ್ಪಾಡಿಗೆ ಸರ್ಕಾರದ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಇನ್ನೊಂದು ಮಾತು, ನಮ್ಮವರಿಗೇ ಹೇಳಬೇಕಾದದ್ದು. ಹೆರಿಗೆ ನೋವಿನಲ್ಲಿರುವವಳು ಎದ್ದು ಓಡಾಡಲೇ ಎಂದು ಕೇಳಿದರೆ ‘ಸುಮ್ನೆ ಮಲಗು’ ಎಂದು ಗದರುವವರೂ ನಮ್ಮಲ್ಲೇ ಇದ್ದಾರೆ. ಹೆರಿಗೆ ವೇಳೆ ಜೊತೆಗೊಬ್ಬ ಹೆಂಗಸು ಇರಬಹುದೆಂದು 2016ರಲ್ಲೇ ಕೇಂದ್ರ ಒಪ್ಪಿದ್ದರೂ ತಾಯಿಯನ್ನೋ ಅತ್ತೆಯನ್ನೋ ಬಾಗಿಲಾಚೆ ನಿಲ್ಲಿಸುವವರೂ ನಾವೇ. ತನ್ನ ಮಾತನ್ನು ಯಾರೂ ಕೇಳದ ಕಡೆ ದುಡಿದವಳು ಇನ್ನೊಬ್ಬಳ ಮಾತು ಕೇಳುವುದನ್ನು ಬೇಗ ಮರೆಯುತ್ತಾಳೆ. ಇದು ಕಾರಣವೇ ಹೊರತು ಸಮರ್ಥನೆಯಲ್ಲ.

1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ನರ್ಸಿಂಗ್ ಆಯೋಗದ ಹೊಸ ಕಾಯ್ದೆ ಬಂತು. ಅದರ ಗಮನವೆಲ್ಲ ಶಿಕ್ಷಣ, ನೋಂದಣಿ, ವೃತ್ತಿಯ ಮಾನದಂಡಗಳ ಮೇಲೆ. ವಾರ್ಡಿನ ಒಳಗಿನ ಮಾತಿಗೆ ದೆಹಲಿಯ ಕಾಯ್ದೆ ಕಾಯಬೇಕಾಗಿಲ್ಲ. ಆಸ್ಪತ್ರೆಯ ಮುಖ್ಯಸ್ಥರ ಒಂದು ಕಚೇರಿ ಆದೇಶ ಸಾಕು. ಪ್ರತಿ ತಾಯಿ–ಮಕ್ಕಳ ಆಸ್ಪತ್ರೆಯ ಖರೀದಿ ಸಮಿತಿಯಲ್ಲಿ, ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ವಾರ್ಡಿನಲ್ಲಿ ಡ್ಯೂಟಿ ಮಾಡುತ್ತಿರುವ ಇಬ್ಬರು ಸಿಸ್ಟರ್‌ಗಳಿಗೆ ಜಾಗ ಕೊಡಿ. ಅವರನ್ನು ಸಹೋದ್ಯೋಗಿಗಳೇ ಆರಿಸಲಿ, ಒಬ್ಬಳು ಗುತ್ತಿಗೆಯವಳಾಗಿರಲಿ. ಅವರು ಬರೆದುಕೊಟ್ಟ ಬೇಡಿಕೆಗೆ ಹದಿನೈದು ದಿನದೊಳಗೆ ಉತ್ತರವೂ ಬರಹದಲ್ಲೇ ಬರಲಿ. ಆಗುವುದಿಲ್ಲ ಎಂದಾದರೆ ಏಕೆ ಆಗುವುದಿಲ್ಲ ಎಂಬುದನ್ನೂ ಬರೆಯಲಿ.