ಭಾಷಣ ಸಾಕು, ತರಬೇತಿ ಕೊಡಿ

2024ರ ಕೊನೆಯ ತಿಂಗಳುಗಳಲ್ಲಿ ನಡೆದ ನಾಲ್ಕು ಸಂಗತಿಗಳನ್ನು ಒಟ್ಟಿಗಿಟ್ಟು ನೋಡಿದರೆ, ನಮ್ಮ ಆಡಳಿತಕ್ಕೆ ತನ್ನದೇ ನೌಕರರ ಬಗ್ಗೆ ಇರುವ ಧೋರಣೆ ಬಯಲಾಗುತ್ತದೆ. ಸೆಪ್ಟೆಂಬರ್ 3 ಮತ್ತು 4ರಂದು ಮುಂಬೈಯಲ್ಲಿ 27ನೇ ರಾಷ್ಟ್ರೀಯ ಇ-ಆಡಳಿತ ಸಮ್ಮೇಳನ ನಡೆಯಿತು. ಅದೇ ತಿಂಗಳ 26ರಂದು ಕರ್ನಾಟಕದ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಹೂಡಿದರು. ಅಕ್ಟೋಬರ್ 19ರಿಂದ 25ರವರೆಗೆ ಕೇಂದ್ರ ಸರ್ಕಾರ ರಾಷ್ಟ್ರೀಯ ಕಲಿಕಾ ಸಪ್ತಾಹ ನಡೆಸಿ, ಪ್ರತಿ ನೌಕರ ಕನಿಷ್ಠ ನಾಲ್ಕು ಗಂಟೆ ಕಲಿಯಬೇಕೆಂದು ಹೇಳಿತು. ನವೆಂಬರ್ 19ರಿಂದ ಮೂರು ದಿನ ಬೆಂಗಳೂರು ಅರಮನೆಯಲ್ಲಿ ರಾಜ್ಯ ಸರ್ಕಾರದ ತಂತ್ರಜ್ಞಾನ ಶೃಂಗಸಭೆ ನಡೆಯಿತು. ಇಂಥ ವೇದಿಕೆಗಳಲ್ಲಿ ವರ್ಷವರ್ಷವೂ ಕೇಳಿಬರುವ ಉಪದೇಶ ಒಂದೇ: ಸರ್ಕಾರಿ ನೌಕರ ಹಳೆಯ ಮನೋಭಾವ ಬಿಡಬೇಕು, ತಂತ್ರಜ್ಞಾನಕ್ಕೆ ಒಗ್ಗಿಕೊಳ್ಳಬೇಕು, ಅವನಲ್ಲಿ ಸ್ಫೂರ್ತಿ ತುಂಬಬೇಕು. ಆ ಉಪದೇಶ ಸುಳ್ಳೆಂಬುದನ್ನು ಇವುಗಳ ನಡುವೆಯೇ ನಡೆದ ಮುಷ್ಕರ ತೋರಿಸಿಕೊಟ್ಟಿತು. ಅದನ್ನು ಕೇಳಿಸಿಕೊಳ್ಳುವ ವ್ಯವಧಾನ ಮಾತ್ರ ಯಾರಿಗೂ ಇರಲಿಲ್ಲ.

ಮುಷ್ಕರ ಹೂಡಿದವರ ದೂರು ಏನಿತ್ತು? 17ಕ್ಕೂ ಹೆಚ್ಚು ಮೊಬೈಲ್ ಆ್ಯಪ್ ಮತ್ತು ವೆಬ್ ತಂತ್ರಾಂಶಗಳಲ್ಲಿ ಏಕಕಾಲಕ್ಕೆ ಕೆಲಸ ಮಾಡಿಸಲಾಗುತ್ತಿದೆ, ಅದಕ್ಕೆ ಬೇಕಾದ ಸಾಧನವನ್ನೂ ಸಮಯವನ್ನೂ ಕೊಟ್ಟಿಲ್ಲ ಎಂಬುದು. ಆಧಾರ್ ಜೋಡಣೆ, ಲ್ಯಾಂಡ್ ಬೀಟ್, ಬಗರ್ ಹುಕುಂ, ಪೌತಿ ಖಾತೆ, ಇ-ಆಫೀಸ್, ಹೀಗೆ ಪಟ್ಟಿ ಬೆಳೆಯುತ್ತದೆ. ಒಂದೊಂದಕ್ಕೂ ಬೇರೆ ಲಾಗಿನ್, ಬೇರೆ ಗುರಿ, ಬೇರೆ ಗಡುವು. ಅವರು ಕೇಳಿದ್ದು ಕುರ್ಚಿ, ಮೇಜು, ಒಳ್ಳೆಯ ಮೊಬೈಲ್, ಡೇಟಾ ಇರುವ ಸಿಮ್, ಲ್ಯಾಪ್‌ಟಾಪ್, ಪ್ರಿಂಟರ್, ಸ್ಕ್ಯಾನರ್. ಈ ಬೇಡಿಕೆ ಪಟ್ಟಿಯನ್ನು ಓದಿದ ಯಾರೂ ಇವರು ತಂತ್ರಜ್ಞಾನಕ್ಕೆ ಹೆದರುವವರು ಎನ್ನಲಾರರು. ಗಣಕಯಂತ್ರ ಬೇಡ ಎಂದು ಅವರು ಬೀದಿಗಿಳಿಯಲಿಲ್ಲ, ಗಣಕಯಂತ್ರ ಕೊಡಿ ಎಂದು ಇಳಿದರು. ಹದಿನೇಳು ತಂತ್ರಾಂಶಗಳನ್ನು ಹೆಗಲಿಗೆ ಹೇರಿಸಿಕೊಂಡೂ ಹೋಬಳಿಯ ಕೆಲಸ ಸಾಗಿಸಿಕೊಂಡು ಬಂದವರಿಗೆ ಮನೋಭಾವದ ಪಾಠ ಹೇಳುವುದು ಅವಮಾನ. 2025ರ ಫೆಬ್ರುವರಿಯಲ್ಲಿ ಅವರು ಎರಡನೇ ಸಲ ಮುಷ್ಕರಕ್ಕೆ ಇಳಿಯಬೇಕಾಗಿ ಬಂದದ್ದು ಆಡಳಿತಕ್ಕೇ ನಾಚಿಕೆಗೇಡು.

ಸಮ್ಮೇಳನಗಳ ಸಮರ್ಥಕರು ಸ್ಫೂರ್ತಿ ಎಂಬುದನ್ನು ಇಷ್ಟು ಮುಂದೆ ಮಾಡುವುದಕ್ಕೆ ಕಾರಣವಿದೆ. ನೌಕರನ ಮನಸ್ಸೇ ಸರಿಯಿಲ್ಲ ಎಂದುಬಿಟ್ಟರೆ ಸರ್ವರ್ ಬಗ್ಗೆ ಯಾರೂ ಪ್ರಶ್ನೆ ಕೇಳುವುದಿಲ್ಲ. ತಂತ್ರಾಂಶ ತಯಾರಿಸಿದವರು ಗ್ರಾಮ ಚಾವಡಿಗೆ ಒಮ್ಮೆಯಾದರೂ ಹೋಗಿ ಪರೀಕ್ಷಿಸಿದ್ದರೇ ಎಂದು ಕೇಳುವುದಿಲ್ಲ. ಗುತ್ತಿಗೆ ಪಡೆದ ಕಂಪನಿ, ಆದೇಶ ಹೊರಡಿಸಿದ ಇಲಾಖೆ, ಎರಡೂ ಪಾರಾಗುತ್ತವೆ. ಸಭಾಂಗಣದಲ್ಲಿ ಕೂರುವವರು ಯಾರೆಂದು ನೋಡಿ. ಕಾರ್ಯದರ್ಶಿಗಳು, ನಿರ್ದೇಶಕರು, ಯೋಜನಾ ಮುಖ್ಯಸ್ಥರು, ತಂತ್ರಾಂಶ ಮಾರುವವರು. ಪ್ರಶಸ್ತಿ ಪಡೆಯಲು ವೇದಿಕೆ ಏರುವವರೂ ಅವರೇ. ಮಳೆಯಲ್ಲಿ ಹೊಲದ ಬದುವಿನ ಮೇಲೆ ನಿಂತು ನೆಟ್‌ವರ್ಕ್ ಹುಡುಕುವವರಿಗೆ, ಪೋಷಣ್ ಟ್ರ್ಯಾಕರ್‌ನಲ್ಲಿ ಮಕ್ಕಳ ತೂಕ ತುಂಬುವ ಅಂಗನವಾಡಿ ಕಾರ್ಯಕರ್ತೆಗೆ ಅಲ್ಲಿಗೆ ಆಹ್ವಾನವಿಲ್ಲ. ತಂತ್ರಜ್ಞಾನವನ್ನು ದಿನವೂ ಕೈಯಲ್ಲಿ ಹಿಡಿದವರನ್ನು ಹೊರಗಿಟ್ಟು ಅವರ ಸ್ಫೂರ್ತಿಯ ಬಗ್ಗೆ ಚರ್ಚಿಸುವುದಕ್ಕೆ ಅರ್ಥವೇ ಇಲ್ಲ.

ಕರ್ನಾಟಕಕ್ಕೆ ಇದು ಗೊತ್ತಿಲ್ಲದ ವಿಚಾರವೇನಲ್ಲ. ಈ ಶತಮಾನದ ಆರಂಭದಲ್ಲಿ ಭೂಮಿ ಯೋಜನೆ ಜಾರಿಯಾದಾಗ ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಆಗಲೂ ಅದನ್ನು ನಡೆಸಿದ್ದು ಇಂದು ಗ್ರಾಮ ಆಡಳಿತಾಧಿಕಾರಿಗಳು ಎನಿಸಿಕೊಂಡಿರುವ ಇದೇ ಗ್ರಾಮ ಲೆಕ್ಕಿಗರು. ಗ್ರಾಮ ಲೆಕ್ಕಿಗರನ್ನೇ ಆರಿಸಿ, ತಾಲ್ಲೂಕು ಕೇಂದ್ರದ ಕಿಯೋಸ್ಕ್ ನಡೆಸಲು ತರಬೇತಿ ಕೊಟ್ಟರು. ತುಂಬಿದ ಮಾಹಿತಿಯನ್ನು ಮುದ್ರಿಸಿ, ಮೂಲ ಪುಸ್ತಕದೊಂದಿಗೆ ತಾಳೆ ನೋಡುವ ಹೊಣೆಯನ್ನೂ ಅವರಿಗೇ ವಹಿಸಿದರು. ಬೆರಳಚ್ಚು ಕೊಟ್ಟು ಲಾಗಿನ್ ಆಗುವ ಪದ್ಧತಿ ತಂದು, ಯಾವ ತಿದ್ದುಪಡಿ ಯಾರು ಮಾಡಿದರು ಎಂಬ ಲೆಕ್ಕ ಇಟ್ಟರು. ಇಷ್ಟಾದ ಮೇಲೆ ಕೈಬರಹದ ಪಹಣಿ ನಿಂತಿತು. ಭೂಮಿಯ ದೋಷಗಳ ಬಗ್ಗೆ ಎಷ್ಟಾದರೂ ಬರೆಯಬಹುದು, ಆದರೆ ಅದರ ಅನುಕ್ರಮ ಸರಿಯಿತ್ತು: ಒಂದು ಕೆಲಸ, ಅದಕ್ಕೆ ಒಂದು ತಂತ್ರಾಂಶ, ಅದನ್ನು ಬಳಸುವವರಿಗೆ ಮೊದಲೇ ಕಲಿಕೆ, ಆಮೇಲೆ ಜಾರಿ. ಇಂದು ಈ ಅನುಕ್ರಮ ತಲೆಕೆಳಗಾಗಿದೆ. ಮೊದಲು ಆ್ಯಪ್ ಬಿಡುಗಡೆ, ನಂತರ ಗುರಿ, ಅದಾದ ಮೇಲೆ ನೋಟಿಸ್. ತರಬೇತಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. 2025ರ ಸೆಪ್ಟೆಂಬರ್ 22ರಂದು ಶುರುವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲೂ ಇದೇ ಆಯಿತು. ಮೊದಲ ದಿನಗಳಲ್ಲೇ ಆ್ಯಪ್ ಮತ್ತು ಸರ್ವರ್ ಕೈಕೊಟ್ಟವು, ಗಣತಿದಾರರಾದ ಶಿಕ್ಷಕರು ಮನೆ ಬಾಗಿಲಲ್ಲಿ ನಿಂತು ಬೈಸಿಕೊಂಡರು, ಕೊನೆಗೆ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು.

ತರಬೇತಿ ಈಗ ಆನ್‌ಲೈನ್‌ನಲ್ಲಿ ಇದೆಯಲ್ಲ, ಐಗಾಟ್ ಕರ್ಮಯೋಗಿ ವೇದಿಕೆಯಲ್ಲಿ ಕೋಟಿ ಜನ ನೋಂದಾಯಿಸಿದ್ದಾರಲ್ಲ ಎನ್ನುವವರು ಲೆಕ್ಕ ಹಾಕಲಿ. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಈ ವೇದಿಕೆಯೂ ಸೇರಿದ ನೌಕರರ ತರಬೇತಿ ಯೋಜನೆ ಮಿಷನ್ ಕರ್ಮಯೋಗಿಗೆ ಒಪ್ಪಿಗೆ ಕೊಟ್ಟಾಗ ಸುಮಾರು 46 ಲಕ್ಷ ನೌಕರರಿಗಾಗಿ ಐದು ವರ್ಷಕ್ಕೆ ಇಟ್ಟ ಹಣ 510.86 ಕೋಟಿ ರೂಪಾಯಿ. ಭಾಗಿಸಿದರೆ ತಲೆಗೆ ಐದು ವರ್ಷಕ್ಕೆ ಸುಮಾರು 1,110 ರೂಪಾಯಿ, ವರ್ಷಕ್ಕೆ 222. ಈ ದುಡ್ಡಿಗೆ ವಿಡಿಯೊ ನೋಡಿಸಿ ಪ್ರಮಾಣಪತ್ರ ಹಂಚಬಹುದು. ಗುರು ಪಕ್ಕದಲ್ಲಿ ಕುಳಿತು, ತಪ್ಪಿದಾಗ ತಿದ್ದಿ, ಕೈ ಹಿಡಿದು ಕಲಿಸುವ ತರಬೇತಿ ಇದರಲ್ಲಿ ಸಾಧ್ಯವಿಲ್ಲ. ರಾಜ್ಯದ ಕಥೆಯೂ ಭಿನ್ನವಲ್ಲ. 2012ರಲ್ಲಿ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮ ಬಂತು, ಪಾಸಾಗದವರಿಗೆ ಬಡ್ತಿ ಇಲ್ಲ ಎಂದಾಯಿತು, ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. ಪರೀಕ್ಷೆ ನಡೆಸುವುದನ್ನೇ ಕಲಿಸುವುದು ಎಂದು ಭಾವಿಸಿದ್ದರ ಫಲ ಇದು.

ಕಲಿಸುವ ಹೊಣೆಯನ್ನು ಸರ್ಕಾರ ಹೀಗೆ ಜಾರಿಸಿಕೊಂಡರೂ ತಪ್ಪಿನ ಹೊಣೆ ಮಾತ್ರ ನೌಕರನ ಹೆಗಲಲ್ಲೇ ಇದೆ. ಸಕಾಲ ಕಾಯ್ದೆಯ ಪ್ರಕಾರ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ, ಹೊಣೆಗಾರ ನೌಕರನಿಂದಲೇ ವಸೂಲಿ. ನಾಗರಿಕರಿಗೆ ಈ ಹಕ್ಕು ಇರಲೇಬೇಕು. ಆದರೆ ಸರ್ವರ್ ನಿಲ್ಲಿಸಿದವರಿಂದ, ಅರೆಬೆಂದ ತಂತ್ರಾಂಶ ಬಿಟ್ಟವರಿಂದ ವಸೂಲಿ ಮಾಡುವ ಕಾಯ್ದೆ ಎಲ್ಲಿದೆ? ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂಜೂರಾದ ಹುದ್ದೆಗಳು ಖಾಲಿ ಬಿದ್ದಿವೆ. ಇಬ್ಬರ ಕೆಲಸವನ್ನು ಒಬ್ಬರು ಮಾಡುತ್ತಿರುವ ಕಚೇರಿಗೆ ಹೊಸ ಆ್ಯಪ್ ಬಂದರೆ ಅದು ಮೂರನೆಯವರ ಕೆಲಸ. ಭಾಷೆಯ ಅನ್ಯಾಯವೂ ಇದರೊಳಗೇ ಇದೆ. 1963ರಿಂದ ಈ ರಾಜ್ಯದ ಆಡಳಿತ ಭಾಷೆ ಕನ್ನಡ. ಚಾವಡಿಯಲ್ಲಿ ನಡೆಯುವ ಮಾತು, ಬರುವ ಅರ್ಜಿ, ಕೊಡುವ ಹಿಂಬರಹ ಎಲ್ಲವೂ ಕನ್ನಡದಲ್ಲಿ. ತಂತ್ರಜ್ಞಾನ ಸಮ್ಮೇಳನಗಳ ಗೋಷ್ಠಿಗಳು ಮಾತ್ರ ಇಂಗ್ಲಿಷ್‌ನಲ್ಲಿ. ಕನ್ನಡದಲ್ಲಿ ಕೆಲಸ ಮಾಡುವವನಿಗೆ ಇಂಗ್ಲಿಷ್‌ನಲ್ಲಿ ಸ್ಫೂರ್ತಿ ಕೊಡಲು ಹೊರಟವರು ಅವನನ್ನು ಎಂದೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಸಮ್ಮೇಳನದಿಂದ ಹೊಸ ವಿಚಾರ ತಿಳಿಯುತ್ತದೆ, ಬೇರೆ ರಾಜ್ಯದವರ ಪರಿಚಯವಾಗುತ್ತದೆ ಎಂಬ ಮಾತಿದೆ. ಹಿರಿಯ ಅಧಿಕಾರಿಗಳಿಗೆ ಅದು ಉಪಯೋಗವಾಗಬಹುದು, ಅವರು ಹೋಗಲಿ. ಆದರೆ ಅದನ್ನು ನೌಕರರ ತರಬೇತಿಯ ಲೆಕ್ಕಕ್ಕೆ ಸೇರಿಸಬಾರದು. ತರಬೇತಿಗೆ ಜಾಗಗಳು ಬೇಕಾದಷ್ಟಿವೆ. ಮೈಸೂರಿನಲ್ಲಿ ಆಡಳಿತ ತರಬೇತಿ ಸಂಸ್ಥೆ ಮತ್ತು ಅಬ್ದುಲ್ ನಜೀರ್ ಸಾಬ್ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇವೆ, ಜಿಲ್ಲೆಗಳಲ್ಲಿ ಜಿಲ್ಲಾ ತರಬೇತಿ ಸಂಸ್ಥೆಗಳಿವೆ. ಬೇಕಾಗಿರುವುದು ಒಂದು ಕಟ್ಟುನಿಟ್ಟಿನ ಆದೇಶ. ಯಾವ ಇಲಾಖೆಯೇ ಆಗಲಿ, ಹೊಸ ತಂತ್ರಾಂಶವನ್ನು ಬಳಸಬೇಕಾದ ನೌಕರರು ಅದನ್ನು ಮೊದಲೇ ಪರೀಕ್ಷಿಸಿ ಸರಿ ಎನ್ನುವವರೆಗೆ, ಕೆಲಸದ ಅವಧಿಯಲ್ಲೇ, ಕನ್ನಡದಲ್ಲಿ, ಸರ್ಕಾರ ಕೊಟ್ಟ ಸಾಧನದ ಮೇಲೆ ತರಬೇತಿ ಮುಗಿಯುವವರೆಗೆ ಅದನ್ನು ಜಾರಿ ಮಾಡಕೂಡದು. ಜಾರಿ ಮಾಡಿದರೆ ಆ ಕೆಲಸದ ವಿಳಂಬಕ್ಕೆ ಆದೇಶಕ್ಕೆ ಸಹಿ ಹಾಕಿದ ಅಧಿಕಾರಿಯೇ ಹೊಣೆ. ಈ ಆದೇಶ ಬಂದ ದಿನ ಹದಿನೇಳು ಆ್ಯಪ್‌ಗಳಲ್ಲಿ ಎಷ್ಟು ಉಳಿಯುತ್ತವೆ ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಅದನ್ನು ಹೊರಡಿಸುವ ಧೈರ್ಯ ಇಲ್ಲದವರು ನೌಕರರಿಗೆ ಸ್ಫೂರ್ತಿಯ ಮಾತು ಹೇಳುವ ಹಕ್ಕನ್ನೂ ಬಿಟ್ಟುಕೊಡಲಿ.