ಹಳತು ಪ್ರಾಚೀನವಾಗುವ ತನಕ

ಮನುಷ್ಯ ಮಾಡಿದ ವಸ್ತುಗಳಿಗೆಲ್ಲ ಮೂರು ಅವಸ್ಥೆಗಳುಂಟು. ಹೊಸದಾಗಿರುವಾಗ ಅವನ್ನು ಎಲ್ಲರೂ ಬಯಸುತ್ತಾರೆ. ಪ್ರಾಚೀನವಾದ ಮೇಲೆ ಎಲ್ಲರೂ ಗೌರವಿಸುತ್ತಾರೆ. ಇವೆರಡರ ನಡುವೆ, ಬರಿಯ 'ಹಳೆಯದು' ಎನ್ನಿಸಿಕೊಂಡು ಬಾಳಬೇಕಾದ ದೀರ್ಘಕಾಲವೊಂದಿದೆ. ಅಜ್ಜಿಯ ಕಾಲದ ತಾಮ್ರದ ಹಂಡೆ ಪಾತ್ರೆಯಂಗಡಿಯ ತಕ್ಕಡಿಯನ್ನೇರುವುದು ಈ ಕಾಲದಲ್ಲಿ. ಓಲೆಗರಿಯ ಕಟ್ಟು ಬಚ್ಚಲ ಒಲೆಯ ಪಾಲಾಗುವುದು ಈ ಕಾಲದಲ್ಲಿ. ಕೈಮಗ್ಗದ ಮರ ಸೌದೆಯಾಗುವುದೂ ಈ ಕಾಲದಲ್ಲಿಯೇ. ನಮ್ಮ ನಾಡಿನಲ್ಲಿ ಹಾಳಾದುದರಲ್ಲಿ ಹೆಚ್ಚಿನ ಪಾಲು ದಂಡು ದಾಳಿಗಳಿಂದ ಹಾಳಾಯಿತೆಂದು ನಾನು ನಂಬಲಾರೆ. ಈ ನಡುಗಾಲದ ಅನಾದರವೇ ಅದನ್ನು ನುಂಗಿತೆಂದು ನನ್ನ ಎಣಿಕೆ. ಮನೆಯ ಮೂಲೆಯಲ್ಲಿ ಕುಳಿತು ಹಳೆಯ ಮೋಟಾರು ಕಾರೊಂದಕ್ಕೆ ಮರಳಿ ಜೀವ ತುಂಬುವವನ ಹವ್ಯಾಸವನ್ನು ಕುರಿತು ಹೇಳಬೇಕೆಂದು ನಾನು ಹೊರಟಿರುವುದು ಈ ಹಿನ್ನೆಲೆಯಲ್ಲಿ.

ದೊಡ್ಡಬಳ್ಳಾಪುರ ತಾಲ್ಲೂಕಿನ ನಮ್ಮ ರಾಜಘಟ್ಟದಲ್ಲಿ ಗೆಳೆಯರೊಬ್ಬರು ಇಂಥ ಕೆಲಸದಲ್ಲಿ ತೊಡಗಿದ್ದಾರೆ. ದನದ ಕೊಟ್ಟಿಗೆಯಾಗಿದ್ದ ಹಂಚಿನ ಮಾಡಿನ ಕೆಳಗೆ ಅವರ ಎಂ.ಜಿ. ಕಾರು ನಿಂತಿದೆ. ಭಾನುವಾರಗಳಲ್ಲಿ ನಾನೂ ಸ್ಪ್ಯಾನರು ಎತ್ತಿಕೊಡುವ ಮಟ್ಟಿಗೆ ಕೈಜೋಡಿಸುತ್ತೇನೆ. ಇಂಗ್ಲೆಂಡಿನ ಅಬಿಂಗ್‌ಡನ್ ಎಂಬ ಊರಿನಲ್ಲಿ 1950ರಿಂದ 1953ರ ತನಕ ತಯಾರಾದ 'ಟಿ.ಡಿ.' ಮಾದರಿಯ ಕಾರದು: ಇಬ್ಬರಿಗಷ್ಟೆ ಆಸನ, ಮೇಲೆ ಮಡಿಸುವ ಬಟ್ಟೆಯ ಹೊದಿಕೆ, 1250 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್ನು, ಅದಕ್ಕೆ ಜೋಡಿ ಕಾರ್ಬ್ಯುರೇಟರು. ಅಂಥ ಕಾರುಗಳು ಒಟ್ಟು ಸುಮಾರು 30,000 ತಯಾರಾದುವು. ಅವುಗಳಲ್ಲಿ ಬಹುಪಾಲು ಅಮೆರಿಕೆಗೆ ಹೋದುವು. ನಮ್ಮ ದೇಶಕ್ಕೆ ಬಂದವು ಕೆಲವೇ. 1950ರ ದಶಕ ಮುಗಿಯುವ ಹೊತ್ತಿಗೆ ವಿದೇಶಿ ಕಾರುಗಳ ಆಮದೂ ಬಹುಮಟ್ಟಿಗೆ ನಿಂತುಹೋಯಿತು. ಬಂದಿದ್ದ ಕಾರುಗಳು ಕೈಯಿಂದ ಕೈಗೆ ದಾಟಿ, ದಾಟಿದಂತೆಲ್ಲ ಒಂದೊಂದು ಅಂಗವನ್ನು ಕಳೆದುಕೊಂಡು, ಕೊನೆಗೆ ಗುಜರಿಯ ಬಾಗಿಲಿಗೆ ಬಂದು ನಿಂತುವು. ಗೆಳೆಯರು ಬಹಳ ವರ್ಷಗಳ ಹಿಂದೆ ಇದನ್ನು ಕೊಂಡಾಗ ಎಂಜಿನ್ನು ಒಂದು ಕಡೆ, ಮೈ ಒಂದು ಕಡೆ ಬಿದ್ದಿತ್ತು. ಕೊಟ್ಟ ಬೆಲೆ ಹಳೆಯ ಕಬ್ಬಿಣದ ತೂಕದ ಬೆಲೆಗಿಂತ ತುಸು ಹೆಚ್ಚು, ಅಷ್ಟೆ.

ಇಂಥ ಕಾರನ್ನು ಬಿಚ್ಚುವುದೆಂದರೆ ಚರಿತ್ರೆಯ ಪುಸ್ತಕವೊಂದನ್ನು ಹಿಂದಿನ ಪುಟದಿಂದ ಓದುತ್ತ ಬಂದಂತೆ. ಒಂದೇ ಒಂದು ಬೋಲ್ಟಿನ ಕಥೆಯನ್ನು ಹೇಳುತ್ತೇನೆ. ಇದರ ಎಂಜಿನ್ನಿನ ಬೋಲ್ಟುಗಳ ತಲೆಗೆ ಇಂಗ್ಲಿಷ್ ಗ್ಯಾರೇಜುಗಳಲ್ಲಿ ರೂಢಿಯಲ್ಲಿದ್ದ ವಿಟ್‌ವರ್ತ್ ಅಳತೆಯ ಸ್ಪ್ಯಾನರು ಕೂಡುತ್ತದೆ. ಆದರೆ ಅದೇ ಬೋಲ್ಟಿನ ಮೈಮೇಲಿನ ತಿರುಪು ಮೆಟ್ರಿಕ್ ಅಳತೆಯದು. ತಲೆ ಒಂದು ದೇಶದ್ದು, ಒಡಲು ಇನ್ನೊಂದು ದೇಶದ್ದು! ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹಾಚ್‌ಕಿಸ್ ಎಂಬ ಫ್ರೆಂಚ್ ಸಂಸ್ಥೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಕಾರ್ಖಾನೆ ತೆರೆದು ಮೆಷಿನ್ ಗನ್ನುಗಳನ್ನು ತಯಾರಿಸಿತು. ಯುದ್ಧ ಮುಗಿದ ಮೇಲೆ ಗನ್ನು ಬೇಡವಾಯಿತು. ಕಾರ್ಖಾನೆ ಮಾರಿಸ್ ಕಾರುಗಳಿಗೆ ಎಂಜಿನ್ನು ಮಾಡಿಕೊಡತೊಡಗಿತು. 1923ರಲ್ಲಿ ಮಾರಿಸ್ ಆ ಕಾರ್ಖಾನೆಯನ್ನೇ ಕೊಂಡುಕೊಂಡ. ಯಂತ್ರಗಳೆಲ್ಲ ಫ್ರೆಂಚರ ಮೆಟ್ರಿಕ್ ಅಳತೆಯವು. ಬೀದಿಯ ಮೆಕ್ಯಾನಿಕ್ಕಿನ ಕೈಯಲ್ಲಿದ್ದುದು ಇಂಗ್ಲಿಷ್ ಸ್ಪ್ಯಾನರು. ಇವೆರಡಕ್ಕೂ ಸಂಧಿ ಮಾಡಿಸಿ ಹುಟ್ಟಿದ್ದು ಈ ಬೋಲ್ಟು. ಅದೇ ಪರಂಪರೆ ಮುಂದುವರಿದು, ಮಾರಿಸ್ ಬಳಗಕ್ಕೆ ಸೇರಿದ ಎಂ.ಜಿ.ಯ ಎಂಜಿನ್ನಿಗೂ ಬಂತು. ಒಂದು ಯುದ್ಧ, ಒಂದು ಸಂಧಾನ, ಒಂದು ವ್ಯಾಪಾರ ಎಲ್ಲವೂ ಒಂದು ಅಂಗುಲದ ಉಕ್ಕಿನಲ್ಲಿ ಅಡಗಿವೆ. ಬೋಲ್ಟು ಮುರಿದಾಗ, ತೂತನ್ನು ದೊಡ್ಡದು ಮಾಡಿ ಈಗಿನ ಬೋಲ್ಟೊಂದನ್ನು ತಿರುಗಿಸಿಬಿಡುವುದು ಐದು ನಿಮಿಷದ ಕೆಲಸ. ಅದೇ ತಿರುಪಿನ ಬೋಲ್ಟನ್ನು ಲೇತಿನಲ್ಲಿ ಕಡೆಯಿಸಿ ತರುವುದಕ್ಕೆ ಒಂದು ವಾರ ಬೇಕು. ಹವ್ಯಾಸಿಗೂ ಬಾಡಿಗೆ ಕೆಲಸದವನಿಗೂ ಇರುವ ವ್ಯತ್ಯಾಸ ಈ ಒಂದು ವಾರ. ಅವನ ಕಾಲಕ್ಕೆ ಬೆಲೆ ಕಟ್ಟುವವರಿಲ್ಲದಿರುವುದೇ ವಸ್ತುವಿನ ಭಾಗ್ಯ.

ಈ ಕಾರಿನ ತಗಡಿನ ಮೈಯ ಒಳಗೆ ಮರದ ಚೌಕಟ್ಟೊಂದಿದೆಯೆಂಬುದು ಅನೇಕರಿಗೆ ಆಶ್ಚರ್ಯವನ್ನುಂಟುಮಾಡುತ್ತದೆ. ಇಂಗ್ಲೆಂಡಿನಲ್ಲಿ ಅದಕ್ಕೆ ಬಳಸುತ್ತಿದ್ದುದು ಆ್ಯಶ್ ಎಂಬ ಮರ. ಬಾಗುವ ಗುಣವುಳ್ಳದ್ದು, ಅಲ್ಲಿ ಬಂಡಿಗಳಿಗೂ ಒದಗುತ್ತಿದ್ದುದು. ನೀರಿಳಿದು ತಳದ ಮರ ಲಡ್ಡಾಗಿತ್ತು. ಎತ್ತಿನ ಗಾಡಿಗಳನ್ನು ಮಾಡಿ ಕೈ ಪಳಗಿದ ವೃದ್ಧ ಬಡಗಿಯೊಬ್ಬರನ್ನು ಗೆಳೆಯರು ಕರೆತಂದರು. ಅವರು ಬಾಗಿಲ ಕಂಬವನ್ನು ಬೆರಳಿನಿಂದ ತಟ್ಟಿ, ಮರಕ್ಕೆ ಮರ ಕೂಡಿಸಿದ್ದ ಬಗೆಯನ್ನು ಬಹಳ ಹೊತ್ತು ನೋಡಿ, "ಇದು ನಮ್ಮ ಗಾಡಿ ಕೆಲಸಾನೇ ಕಣ್ರೀ ಮೇಷ್ಟ್ರೇ, ದೊರೆಗಳ ಕಾರು ಅಂತ ಸುಮ್ನೆ ಹೆದರಿದ್ದೆ" ಎಂದರು. ಕೊಳೆತ ಭಾಗವನ್ನಷ್ಟೆ ಕತ್ತರಿಸಿ, ಗಟ್ಟಿಯಾಗಿ ಉಳಿದ ಹಳೆಯ ಮರಕ್ಕೆ ಹೊಸ ತುಂಡನ್ನು ಕೂಡಿಸಿದರು. ಗಾಡಿಯ ಕೆಲಸ ನಿಂತುಹೋಗಿ ಎಷ್ಟೋ ವರ್ಷ ಸುಮ್ಮನಿದ್ದ ಕೈಗಳವು. ಕಾರೊಂದು ಉಳಿಯುವಾಗ ಅದರ ಜೊತೆಗೆ ಇಂಥ ಕೈಯ ವಿದ್ಯೆಯೂ ಇನ್ನಷ್ಟು ದಿನ ಉಳಿಯುತ್ತದೆಂಬುದನ್ನು ಮರೆಯಬಾರದು.

ಉಳಿಸುವುದೆಂದರೇನು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಹಣವುಳ್ಳವರು ಹಳೆಯ ಕಾರನ್ನು ಗ್ಯಾರೇಜಿಗೊಪ್ಪಿಸಿ, ಹೊಸ ತಗಡು, ಹೊಸ ಚರ್ಮ, ಕನ್ನಡಿಯಂಥ ಬಣ್ಣ ಹಾಕಿಸಿ, ಕಾರ್ಖಾನೆಯಿಂದ ಹೊರಬಂದಾಗಲೂ ಇಲ್ಲದಿದ್ದ ಹೊಳಪನ್ನು ಅದಕ್ಕೆ ಕೊಡಿಸುತ್ತಾರೆ. ನೋಡಲು ಸೊಗಸು, ಆದರೆ ಆ ಕಾರಿನ ಬಾಳೆಲ್ಲ ಅಳಿಸಿಹೋಗಿರುತ್ತದೆ. ಹಳೆಯ ಕಟ್ಟಡಗಳ ವಿಷಯದಲ್ಲಿ ಈ ಚರ್ಚೆ ಹಿಂದೆಯೇ ನಡೆದು, 1964ರ ವೆನಿಸ್ ಸನ್ನದಿನಲ್ಲಿ ಒಂದು ರೂಪವನ್ನು ಪಡೆಯಿತು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಅದೇ ವಿವೇಕವನ್ನು ಕಾರುಗಳಿಗೂ ಅನ್ವಯಿಸಿತು: ಇದ್ದುದನ್ನು ಇದ್ದಂತೆ ಕಾಪಾಡುವುದು ಮೊದಲು, ಕೆಟ್ಟುದನ್ನು ಸರಿಪಡಿಸುವುದು ಆಮೇಲೆ, ಹೊಸದನ್ನು ಸೇರಿಸಲೇಬೇಕಾದಲ್ಲಿ ಅದು ಹೊಸದೆಂದು ಗುರುತು ಸಿಗಬೇಕು. ಈ ವಿವೇಕ ನಮಗೆ ಹೊಸತಾಗಿ ಬರಬೇಕಾಗಿಲ್ಲ. ನಮ್ಮ ತಾಮ್ರಶಾಸನಗಳ, ಶಿಲಾಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಮಾತಿನ ಸಾರವೇನು? ತಾನು ದಾನ ಮಾಡುವುದಕ್ಕಿಂತ ಇತರರು ಮಾಡಿದ ದಾನವನ್ನು ಪಾಲಿಸುವುದು ಹಿರಿದು ಎಂದಲ್ಲವೆ? ಕಟ್ಟಿದವನಿಗಿಂತ ಕಾಯ್ದವನು ದೊಡ್ಡವನೆಂದು ಸಾರಿದ ನಾಡಿದು.

ನಮ್ಮೂರಿನ ಮಣ್ಣೇ ಇದಕ್ಕೆ ಸಾಕ್ಷಿ ನುಡಿಯುತ್ತದೆ. ರಾಜಘಟ್ಟದಲ್ಲಿ ಜನ 'ಬೂದಿಗುಂಡಿ' ಎಂದು ಕರೆಯುತ್ತಿದ್ದ ದಿಬ್ಬವೊಂದಿತ್ತು. ಬೂದಿಯಂಥ ಅದರ ಮಣ್ಣು ಬೆಳೆಗೆ ಒಳ್ಳೆಯದೆಂದು ಹೊಲಗಳಿಗೆ ಹೊತ್ತುಹಾಕುವುದು ವಾಡಿಕೆಯಾಗಿತ್ತು. ಮೈಸೂರು ವಿಶ್ವವಿದ್ಯಾನಿಲಯದ ಪುರಾತತ್ತ್ವಜ್ಞರು 2001ರಲ್ಲಿಯೂ 2004ರಲ್ಲಿಯೂ ಅಲ್ಲಿ ಉತ್ಖನನ ನಡೆಸಿದಾಗ ಇಟ್ಟಿಗೆಯ ಬೌದ್ಧ ಚೈತ್ಯವೂ ವಿಹಾರವೂ ಬೆಳಕಿಗೆ ಬಂದುವು. ಗಂಗರ ಆಳ್ವಿಕೆಯ ಆದಿಕಾಲದ ನೆಲೆಯದು. ಹರಕೆಗೆಂದು ಭಕ್ತರು ಒಪ್ಪಿಸಿದ್ದ ಮಣ್ಣಿನ ಪುಟ್ಟ ಸ್ತೂಪಗಳು ರಾಶಿ ರಾಶಿಯಾಗಿ ದೊರೆತುವು; ಅವುಗಳ ಒಡಲಿನಲ್ಲಿ ಅಕ್ಷರವೊತ್ತಿದ ಮಣ್ಣಿನ ಬಿಲ್ಲೆಗಳಿದ್ದುವು. ಹೊರಗೆ ನೋಡುವವನಿಗೆ ಬರಿಯ ಮಣ್ಣುಂಡೆ, ಒಳಗೆ ಧರ್ಮವಾಕ್ಯ. ಆ ದಿಬ್ಬ 'ಪ್ರಾಚೀನ'ವೆಂಬ ಹೆಸರನ್ನು ಪಡೆಯುವುದಕ್ಕೆ ಮೊದಲು, ಬರಿಯ ಹಳೆಯ ಮಣ್ಣಾಗಿದ್ದ ಕಾಲದಲ್ಲಿ, ಎಷ್ಟು ಬಿಲ್ಲೆಗಳು ರಾಗಿಯ ಹೊಲದಲ್ಲಿ ಕರಗಿಹೋದುವೋ! ನಮ್ಮ ಹಿರಿಯರನ್ನು ಇದಕ್ಕಾಗಿ ದೂರುವಂತಿಲ್ಲ. ಅವರಿಗೆ ಅದನ್ನು ತಿಳಿಸಿ ಹೇಳಿದವರಿರಲಿಲ್ಲ.

ಗೆಳೆಯರ ಕಾರಿನ ಮೇಲಿನ ಎರಡು ಪದರು ಬಣ್ಣವನ್ನು ಉಜ್ಜಿ ತೆಗೆದಾಗ, ಮುಂಭಾಗದ ತಗಡಿನ ಒಳಮಗ್ಗುಲಲ್ಲಿ ಕಾರ್ಖಾನೆಯ ಮೊದಲ ಕೆಂಪು ಕಾಣಿಸಿತು. ಅಂಗೈಯಗಲದ ಆ ತುಂಡನ್ನು ಅವರು ಹಾಗೆಯೇ ಬಿಟ್ಟಿದ್ದಾರೆ. ಯಾವ ಯಾವ ಭಾಗ ಹೊಸದೆಂಬುದನ್ನು ನೋಟುಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡುತ್ತಿದ್ದಾರೆ. ಮುಂದೆ ಬಿಚ್ಚುವವನಿಗೆ ಇದು ಬೇಕು ಎನ್ನುತ್ತಾರೆ. ಸ್ತೂಪದೊಳಗಿನ ಬಿಲ್ಲೆಗೂ ಬಣ್ಣದ ಕೆಳಗಿನ ಬಣ್ಣಕ್ಕೂ ಪಾವಿತ್ರ್ಯದಲ್ಲಿ ಹೋಲಿಕೆಯಿಲ್ಲ, ನಿಜ. ಕಾಣದ ಕಡೆಯಲ್ಲಿ ಸತ್ಯವನ್ನು ಇರಿಸಿಕೊಂಡಿರುವುದರಲ್ಲಿ ಹೋಲಿಕೆಯಿದೆ.

ಇನ್ನು ಕಾನೂನಿನ ಮಾತು. ನೂರು ವರ್ಷ ತುಂಬಿದ ಶಿಲ್ಪವನ್ನು 1972ರ ಕಾಯಿದೆ ಪುರಾತನ ವಸ್ತುವೆಂದು ಎಣಿಸುತ್ತದೆ. ಮೋಟಾರು ವಾಹನಗಳಿಗೆ 2021ರಲ್ಲಿ ಕೇಂದ್ರ ಸರಕಾರ ಪ್ರತ್ಯೇಕ ನಿಯಮ ಮಾಡಿತು: ಮೊದಲ ನೋಂದಣಿಯಿಂದ 50 ವರ್ಷ ಕಳೆದಿದ್ದು, ಮೂಲರೂಪದಲ್ಲಿರುವ, ಚಾಸಿ, ಮೈ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಟಾಗದ ವಾಹನಕ್ಕೆ 'ವಿಂಟೇಜ್' ಎಂಬ ಮನ್ನಣೆ, 20,000 ರೂಪಾಯಿ ಶುಲ್ಕ, ನಂಬರಿನಲ್ಲಿ 'ವಿ.ಎ.' ಎಂಬ ಅಕ್ಷರಗಳು; ಪ್ರದರ್ಶನ, ರ‍್ಯಾಲಿ, ಸಂಶೋಧನೆ, ರಿಪೇರಿ ಮೊದಲಾದುವಕ್ಕೆ ಮಾತ್ರ ರಸ್ತೆಗಿಳಿಯುವ ಅನುಮತಿ. ಇದು ಸ್ವಾಗತಾರ್ಹ. ಆದರೆ ಸಾಮಾನ್ಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಅಲ್ಲಿಂದಾಚೆಗೆ ಐದೈದು ವರ್ಷಕ್ಕೊಮ್ಮೆ ಪರೀಕ್ಷೆ, ಶುಲ್ಕ, ಅನುಮಾನದ ನೋಟ. ಹದಿನೈದಕ್ಕೂ ಐವತ್ತಕ್ಕೂ ನಡುವಣ ಮೂವತ್ತೈದು ವರ್ಷ ಆ ಕಾರು ಹೇಗೆ ಬದುಕಬೇಕು? ನಾನು ಮೊದಲು ಹೇಳಿದ ನಡುಗಾಲ ಇದೇ.

ಇದು ಬರಿಯ ತರ್ಕವಲ್ಲ. 1982ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಸಿಪಾನಿ ಸಂಸ್ಥೆ 'ಡಾಲ್ಫಿನ್' ಎಂಬ ಕಾರನ್ನು ಹೊರತಂದಿತು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ 'ಕಿಟನ್' ಅದರ ಮೂಲ. ಗಾಜುನಾರಿನ ಹಗುರ ಮೈ, 848 ಸಿ.ಸಿ.ಯ ಅಲ್ಯೂಮಿನಿಯಂ ಎಂಜಿನ್ನು. ಹಗುರವಾದ್ದರಿಂದಲೇ ಮೋಟಾರು ಓಟಗಳಲ್ಲಿ ಹುರುಪಿನವರು ಅದನ್ನು ಮೆಚ್ಚಿದರು. ಸಂಸಾರಸ್ಥರು ಮಾತ್ರ ತಗಡಿಲ್ಲದ ಕಾರನ್ನು ನಂಬಲಿಲ್ಲ. 1983ರ ಕೊನೆಯಲ್ಲಿ ಮಾರುತಿ ಬಂದ ಮೇಲೆ ಅದಕ್ಕೆ ನೆಲೆ ತಪ್ಪಿತು. ಕನ್ನಡ ನಾಡಿನ ಕೈಗಾರಿಕೆಯ ಚರಿತ್ರೆಯಲ್ಲಿ ಡಾಲ್ಫಿನ್ ಒಂದು ಸಾಹಸದ ಪುಟ. ಆದರೆ ಅದರ ಮೊದಲ ಕಾರಿಗೂ ಐವತ್ತು ತುಂಬುವುದು 2032ರಲ್ಲಿ. ಅಷ್ಟರೊಳಗೆ ಎಷ್ಟು ಉಳಿದಾವು? ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ತನ್ನ ಲೆಕ್ಕದಲ್ಲಿ 30 ವರ್ಷವನ್ನೇ ಸಾಕೆಂದು ಇಟ್ಟುಕೊಂಡಿದೆ. ನಮ್ಮ ನಿಯಮವೂ ಆ ಮಿತಿಗೆ ಇಳಿಯಬೇಕು. ಅಲ್ಲದೆ, ಕೊಳೆತುದನ್ನು ಕತ್ತರಿಸಿ ಕೂಡಿಸುವ ಪ್ರಾಮಾಣಿಕ ರಿಪೇರಿ ಬೇರೆ, ರೂಪವನ್ನೇ ಬದಲಿಸುವ ಮಾರ್ಪಾಟು ಬೇರೆ ಎಂಬುದನ್ನು ನಿಯಮದ ಭಾಷೆ ಸ್ಪಷ್ಟವಾಗಿ ಬಿಡಿಸಿ ಹೇಳಬೇಕು.

ಆಕ್ಷೇಪಗಳಿಲ್ಲದಿಲ್ಲ. ಇದು ಸಿರಿವಂತರ ಆಟವೆನ್ನುತ್ತಾರೆ. ಹರಾಜಿನಲ್ಲಿ ಲಕ್ಷಗಳನ್ನು ಸುರಿಯುವವರ ವಿಷಯದಲ್ಲಿ ಆ ಮಾತು ಸಲ್ಲಬಹುದು, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿಯೂ ಶಿವಾಜಿನಗರದ ಗುಜರಿಯಲ್ಲಿಯೂ ಒಂದು ಬುಶ್ಶಿಗಾಗಿ ದಿನವೆಲ್ಲ ಅಲೆಯುವವನಿಗೆ ಸಲ್ಲದು. ಹೊಗೆಯ ಮಾತೆತ್ತುತ್ತಾರೆ. ವರ್ಷಕ್ಕೆ ನಾಲ್ಕಾರು ಬಾರಿ ಹೊರಗೆ ಬರುವ ಕಾರಿನ ಹೊಗೆ ನಗರದ ಒಂದು ದಿನದ ದಟ್ಟಣೆಯ ಮುಂದೆ ಎಷ್ಟರದು? ಪರಕೀಯರ ವಸ್ತುವಿಗೆ ಇಷ್ಟೇಕೆ ಮೋಹ ಎನ್ನುವವರಿಗೆ ಆ ಬೋಲ್ಟಿನ ಕಥೆಯೇ ಉತ್ತರ. ವಿದ್ಯೆಗೆ ಒಂದೇ ದೇಶವೆಂಬುದಿಲ್ಲ. ಕಲಿತವನ ಕೈಯೇ ಅದರ ದೇಶ.

ದೊಡ್ಡ ಸಂಗ್ರಹಗಳು ನಮ್ಮಲ್ಲಿ ಇಲ್ಲದಿಲ್ಲ. ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಾಲನ್ನು ಕಂಡವರು ಬಹುಮಂದಿ. ಶ್ರೀರಂಗಪಟ್ಟಣದ ಬಳಿಯ 'ಪಯಣ' ಸಂಗ್ರಹಾಲಯವೂ ಅದೇ ಆಸಕ್ತಿಯ ಫಲ. ಅವು ಬೇಕು. ಆದರೆ ಸಂಗ್ರಹಾಲಯ ಆರಿಸಿಕೊಳ್ಳುವುದು ಬಹುಮಟ್ಟಿಗೆ ಮೂರನೆಯ ಅವಸ್ಥೆಗೆ ಬಂದ ವಸ್ತುವನ್ನು. ಎರಡನೆಯ ಅವಸ್ಥೆಯಲ್ಲಿ ಅದನ್ನು ಕೈಹಿಡಿದು ದಾಟಿಸುವವನು ಮನೆಯ ಹವ್ಯಾಸಿ. ಅವನಿಗೆ ಪ್ರಶಸ್ತಿ ಬೇಡ, ಸಹಾಯಧನವೂ ಬೇಡ. ನಮ್ಮ ಐ.ಟಿ.ಐ.ಗಳೂ ಎಂಜಿನಿಯರಿಂಗ್ ಕಾಲೇಜುಗಳೂ ತಮ್ಮ ವಿದ್ಯಾರ್ಥಿಗಳನ್ನು ವರ್ಷಕ್ಕೊಮ್ಮೆ ಇಂಥವನ ಕೊಟ್ಟಿಗೆಗೆ ಕಳುಹಿಸಲಿ. ಅವನು ಬರೆದಿಟ್ಟ ಲೆಕ್ಕವನ್ನು ಓದಿಸಲಿ. ಕಾನೂನು ಅವನನ್ನು ಮೂವತ್ತು ವರ್ಷಕ್ಕೇ ಗುರುತಿಸಲಿ. ಇಷ್ಟಾದರೆ ಸಾಕು. ಇಂದು ನಾವು ತಲೆಬಾಗುವ ಪ್ರಾಚೀನವೆಲ್ಲ ಒಂದು ಕಾಲದಲ್ಲಿ ಬರಿಯ ಹಳತಾಗಿತ್ತು. ಆಗ ಅದನ್ನು ಎಸೆಯದೆ ಇರಿಸಿಕೊಂಡವನೊಬ್ಬನಿದ್ದುದರಿಂದಲೇ ಅದು ನಮ್ಮವರೆಗೆ ಬಂದಿದೆ.