ಊರಿಗೆ ಕಳಿಸುವುದು ಔಷಧವಲ್ಲ

ನಮ್ಮ ಹೋಟೇಲುಗಳಲ್ಲಿ ಒಬ್ಬ ಮಾಣಿ ಗರ್ದಿನ ಚಟಕ್ಕೆ ಬಿದ್ದನೆಂದು ತಿಳಿದರೆ ಸಾಮಾನ್ಯವಾಗಿ ಆಗುವುದು ಎರಡೇ. ಮಾಲೀಕರು ಲೆಕ್ಕ ಚುಕ್ತಾ ಮಾಡಿ ಹೊರಗೆ ಹಾಕುತ್ತಾರೆ. ಇಲ್ಲವೇ ಊರಿನ ಹಿರಿಯರೊಬ್ಬರು ಟಿಕೇಟು ತೆಗೆಸಿಕೊಟ್ಟು, "ನಾಲ್ಕು ತಿಂಗಳು ಗದ್ದೆಯಲ್ಲಿ ದುಡಿ ಮಗಾ, ಎಲ್ಲ ಸರಿಯಾಗುತ್ತದೆ" ಎಂದು ಬಸ್ಸು ಹತ್ತಿಸುತ್ತಾರೆ. ಎರಡನೆಯದರಲ್ಲಿ ಮರುಕವಿದೆಯೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಅದು ಜೀವಕ್ಕೇ ಎರವಾಗಬಹುದೆಂಬುದನ್ನು ನಮ್ಮವರು ತಿಳಿದಿರಬೇಕು.

ಗರ್ದು, ಎಂದರೆ ಬ್ರೌನ್ ಶುಗರ್, ಅಫೀಮಿನ ಕುಲಕ್ಕೆ ಸೇರಿದ್ದು. ದಿನವೂ ಸೇದುವವನ ದೇಹ ಅದಕ್ಕೆ ಒಗ್ಗಿಕೊಂಡು ಹೆಚ್ಚು ಹೆಚ್ಚು ಕೇಳುತ್ತದೆ. ಬಿಟ್ಟರೆ ಮೈಕೈ ನೋವು, ವಾಂತಿ, ಭೇದಿ, ಕಣ್ಣು ಮೂಗಿನಲ್ಲಿ ನೀರು, ನಿದ್ದೆಯಿಲ್ಲದ ರಾತ್ರಿಗಳು. ಒಂದೆರಡು ವಾರದಲ್ಲಿ ಇವು ಇಳಿಯುತ್ತವೆ. ಹುಡುಗ ಉಣ್ಣುತ್ತಾನೆ, ಮೈ ತುಂಬಿಕೊಳ್ಳುತ್ತಾನೆ, ಮನೆಯವರು ಹರಕೆ ತೀರಿಸುತ್ತಾರೆ. ಆದರೆ ಆಸೆ ಇಳಿದಿರುವುದಿಲ್ಲ; ವಿಷವನ್ನು ತಾಳುವ ದೇಹದ ಶಕ್ತಿ ಮಾತ್ರ ಇಳಿದಿರುತ್ತದೆ. ಮುಂಬಯಿಗೆ ಮರಳಿ, ಹಳೆಯ ಗೆಳೆಯರ ನಡುವೆ ಹಳೆಯ ಅಳತೆಯನ್ನೇ ಒಂದು ದಿನ ತೆಗೆದುಕೊಂಡರೆ ಉಸಿರು ನಿಂತುಹೋಗಬಹುದು. ಬಿಟ್ಟು ಮತ್ತೆ ಹಿಡಿದವನಿಗೆ ಆ ಮೊದಲ ದಿನಗಳೇ ಅತ್ಯಂತ ಗಂಡಾಂತರದವು.

ಇದಕ್ಕೆ ಮದ್ದಿದೆ. 1965ರಲ್ಲಿ ನ್ಯೂಯಾರ್ಕಿನ ವೈದ್ಯರಾದ ಡೋಲ್ ಮತ್ತು ನೈಸ್ವಾಂಡರ್ ಎಂಬವರು ಮೆಥಡೋನ್ ಎಂಬ ಔಷಧವನ್ನು ದಿನವೂ ಕೊಟ್ಟು ರೋಗಿಗಳನ್ನು ಕೆಲಸಕ್ಕೆ ಮರಳಿಸಿದ್ದನ್ನು ಪ್ರಕಟಿಸಿದರು. ನಮ್ಮ ದೇಶದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಬುಪ್ರೆನಾರ್ಫಿನ್. ನಾಲಿಗೆಯಡಿ ಇಟ್ಟು ಕರಗಿಸುವ ಮಾತ್ರೆ. ಮೆದುಳಿನಲ್ಲಿ ಗರ್ದು ಕೂರುವ ಜಾಗದಲ್ಲೇ ಇದು ಕೂತು, ಸಂಕಟವನ್ನೂ ಆಸೆಯನ್ನೂ ತಡೆಯುತ್ತದೆ. ವೈದ್ಯರು ಗೊತ್ತುಮಾಡಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಅಮಲು ಏರಿಸುವುದಿಲ್ಲ. ಇದರ ಜತೆ ಹೆಂಡವಾಗಲಿ ನಿದ್ದೆಗುಳಿಗೆಯಾಗಲಿ ಸೇರಕೂಡದು, ಅಷ್ಟೆ. ಎರಡೂ ಔಷಧಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿದೆ. ಚಿಕಿತ್ಸೆಯಲ್ಲಿ ಉಳಿದವರಲ್ಲಿ ಸಾವು ಅರ್ಧಕ್ಕಿಂತಲೂ ಕಡಿಮೆಯೆಂದು ಹಲವು ದೇಶಗಳ ಅನುಭವ ತೋರಿಸಿದೆ.

"ಒಂದು ಅಮಲು ಬಿಟ್ಟು ಇನ್ನೊಂದು ಹಿಡಿದಂತಾಯಿತಲ್ಲ?" ಎಂದು ಕೇಳುವವರುಂಟು. ಗರ್ದಿಗೆ ಬಿದ್ದವನಿಗೆ ಹಗಲಿರುಳೂ ಮುಂದಿನ ಪುಡಿಯದೇ ಚಿಂತೆ. ಮಾತ್ರೆಯವನು ಬೆಳಿಗ್ಗೆ ಮಾತ್ರೆ ತೆಗೆದುಕೊಂಡು ಪಾಳಿಗೆ ಬರುತ್ತಾನೆ, ಖೋಲಿಯ ಬಾಡಿಗೆ ಕೊಡುತ್ತಾನೆ, ಮನೆಗೆ ಹಣ ಕಳಿಸುತ್ತಾನೆ. ಇವನನ್ನೂ 'ಗರ್ದುಲ್ಲಾ' ಎಂದು ಕರೆಯುವುದು ಅನ್ಯಾಯ. ವರ್ಷಗಟ್ಟಲೆ ತೆಗೆದುಕೊಳ್ಳಬೇಕಾದರೂ ಅದು ಔಷಧವೇ. ರಕ್ತದೊತ್ತಡದ ಗುಳಿಗೆಯನ್ನು ಬಿಡು ಎಂದು ನಾವು ಯಾರಿಗೂ ಹೇಳುವುದಿಲ್ಲ.

ಅಫೀಮು ಕೆಟ್ಟವರ ಪಾಲಿನದೆಂಬ ಭ್ರಮೆಯೂ ಬೇಡ. 1920ರ ದಶಕದಲ್ಲಿ ಇದೇ ಮುಂಬಯಿಯ ಗಿರಣಿ ತಾಯಂದಿರು ಹಸುಗೂಸಿಗೆ ಅಫೀಮು ಬೆರೆತ 'ಬಾಳಗೋಳಿ' ತಿನ್ನಿಸಿ, ಮಲಗಿಸಿ ಪಾಳಿಗೆ ಹೋಗುತ್ತಿದ್ದರು. ಕೂಸನ್ನು ನೋಡಿಕೊಳ್ಳುವವರಿರಲಿಲ್ಲ, ಗಿರಣಿಯ ಭೋಂಗಾ ಕಾಯುತ್ತಿರಲಿಲ್ಲ.

ಈಗ ಮದ್ದು ದೊರೆಯುವ ಮಾತು. ಸರಕಾರದ ಏಡ್ಸ್ ನಿಯಂತ್ರಣ ಕಾರ್ಯಕ್ರಮ 2007ರಲ್ಲಿ ಈ ಚಿಕಿತ್ಸೆಯನ್ನು ಸೇರಿಸಿಕೊಂಡಿತು; ಅದು ಮುಖ್ಯವಾಗಿ ಸೂಜಿ ಚುಚ್ಚಿಕೊಳ್ಳುವವರಿಗಾಗಿ. ಅಲ್ಲಿನ ಪದ್ಧತಿಯೆಂದರೆ ದಿನವೂ ಹೋಗಿ, ಸಿಬ್ಬಂದಿಯ ಎದುರಿಗೇ ಮಾತ್ರೆ ಕರಗಿಸಬೇಕು. ನಸುಕಿನಲ್ಲಿ ಇಡ್ಲಿಪಾತ್ರೆ ಏರಿಸಿ ರಾತ್ರಿ ಮೇಜು ಒರೆಸುವವನಿಗೆ ಹಗಲಿನ ಆ ವೇಳೆ ಎಲ್ಲಿಂದ ಬರಬೇಕು? ಮುಂಬಯಿಯಲ್ಲೇ ಹೀಗಾದರೆ, ನಾಸಿಕ ಜಿಲ್ಲೆಯ ಸಟಾಣಾದಂಥ ತಾಲೂಕು ಊರಿನ ಹೋಟೇಲಿನಲ್ಲಿ ದುಡಿಯುವವನ ಪಾಡೇನು? ಅಲ್ಲಿಂದ ನಾಸಿಕಕ್ಕೆ ಸುಮಾರು 90 ಕಿಲೋಮೀಟರು. ದಿನವೂ ಹೋಗಿಬರುವುದೆಂದರೆ ಕೆಲಸವನ್ನೇ ಬಿಟ್ಟಂತೆ.

ಬೇರೆ ದಾರಿ ಇಲ್ಲವೆಂದು ಹೇಳುವಂತಿಲ್ಲ. 2020ರ ಲಾಕ್‌ಡೌನಿನಲ್ಲಿ ಹಲವು ದಿನಗಳ ಮಾತ್ರೆಯನ್ನು ಮನೆಗೇ ಕೊಡಲು ಇದೇ ಸರಕಾರ ಒಪ್ಪಿತು. ಸೂಜಿಯಲ್ಲಿ ಚುಚ್ಚಿಕೊಂಡರೆ ಸಂಕಟವನ್ನೇ ತರುವ ನಲಾಕ್ಸೋನ್ ಬೆರೆಸಿದ ಮಾತ್ರೆಯೂ ಇದೆ. ದುರುಪಯೋಗದ ಹೆದರಿಕೆಗೆ ಅದು ಬಹುಮಟ್ಟಿಗೆ ಉತ್ತರ. ಸ್ಥಿಮಿತಕ್ಕೆ ಬಂದ ಕೆಲಸಗಾರನಿಗೆ ವಾರದ ಮಾತ್ರೆಯನ್ನು ತಾಲೂಕಿನ ಸರಕಾರಿ ಆಸ್ಪತ್ರೆಯಲ್ಲೇ ಕೊಡಬೇಕೆಂಬುದು ನಮ್ಮ ಒತ್ತಾಯ. ಸಟಾಣಾದ ಜನ ಹತ್ತೊಂಬತ್ತನೆಯ ಶತಮಾನದ ಒಬ್ಬ ಮಾಮಲೇದಾರರನ್ನು, ಬರಗಾಲದಲ್ಲಿ ಸರಕಾರಿ ಖಜಾನೆ ತೆರೆದು ಹಸಿದವರಿಗೆ ಹಂಚಿದರೆಂದು, 'ದೇವ ಮಾಮಲೇದಾರ' ಎಂದು ಇಂದೂ ಪೂಜಿಸುತ್ತಾರೆ. ಇಂದಿನ ಅಧಿಕಾರಿಗಳಿಂದ ನಾವು ಕೇಳುವುದು ಖಜಾನೆಯನ್ನಲ್ಲ, ಔಷಧದ ಕಪಾಟಿನ ಬೀಗದ ಕೈಯನ್ನು.

ಪೋಲೀಸರ ಭಯದಿಂದ ಆಸ್ಪತ್ರೆಗೆ ಹೋಗದವರೂ ಇದ್ದಾರೆ. 1985ರ ಮಾದಕದ್ರವ್ಯ ಕಾಯಿದೆಯ 64-ಎ ಕಲಮಿನಂತೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆಪಾದನೆಗೆ ಒಳಗಾದ ವ್ಯಸನಿ ತಾನಾಗಿಯೇ ಮಾನ್ಯ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಪ್ಪಿದರೆ ಮೊಕದ್ದಮೆಯಿಂದ ವಿನಾಯಿತಿಯುಂಟು. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಅದನ್ನು ಹಿಂದೆಗೆದುಕೊಳ್ಳಬಹುದು.

ಮಾಲೀಕರಿಗೆ ನಮ್ಮದೊಂದು ಮಾತು: ಮದ್ದು ತೆಗೆದುಕೊಳ್ಳುವ ಹುಡುಗನಿಗೆ ದಿನಕ್ಕೆ ಒಂದು ಗಂಟೆ ಬಿಡುವು ಕೊಡಿ, ಸಂಬಳ ಹಿಡಿಯಬೇಡಿ. ಖೋಲಿಯ ಗೆಳೆಯರು ಅವನ ಹಾಸಿಗೆಯನ್ನು ಹೊರಗೆ ಎಸೆಯದಿರಲಿ. ಎಲ್ಲಿ ಹೋಗಬೇಕೆಂದು ತಿಳಿಯದವರು ಕೇಂದ್ರ ಸರಕಾರದ ಉಚಿತ ದೂರವಾಣಿ 14446ಕ್ಕೆ ಕರೆಮಾಡಿ ಕೇಳಬಹುದು.